ಬಾವಿ, ನಳ, ಟಾಕಿ: ಸೊಲ್ಲಾಪುರದ ಹಳೇ ಪೇಠೆಯಲ್ಲಿ ಅಪಾರ್ಟ್‌ಮೆಂಟ್ ವಾಸ

ನನ್ನ ದನಿ ಕೇಳಸ್ತದಲ್ರಿ? ಆಯ್ತು, ಶುರು ಮಾಡ್ತೀನಿ. ಸ್ಕ್ರೀನ್ ಮೇಲೆ ಈಗ ನಿಮಗೆ ಕಾಣೋದು ಯಾವ ಹಳೆಯ ದಾಖಲೆಯೂ ಅಲ್ಲ. ನಾನು ಮನೆ ಕೊಂಡಾಗ ಬಿಲ್ಡರ್ ಕಡೆಯವರು ಕೊಟ್ಟ ಮಾಹಿತಿ ಪತ್ರಿಕೆ ಅದು. ಕಟ್ಟಡದ ಹೆಸರನ್ನು ಮುಚ್ಚಿದ್ದೀನಿ. ಅದರ ಕೆಳಭಾಗ ನೋಡಿ: ಎರಡು ಲಿಫ್ಟ್, ಜಿಮ್, ಈಜುಕೊಳ, ಮಕ್ಕಳ ಆಟದ ಜಾಗ, ಹಿರಿಯರಿಗೆ ಕೂಡಲಿಕ್ಕೆ ಕಟ್ಟೆ, ಗಣಪತಿ ಗುಡಿ, ಜನರೇಟರ್, ಸಿಸಿಟಿವಿ. ಎಲ್ಲಕ್ಕಿಂತ ಕೊನೆಗೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ‘24 ತಾಸು ನೀರು’.

ಬೇರೆ ಊರಿನವರಿಗೆ ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ಸೊಲ್ಲಾಪುರದವರಿಗೆ ಹಾಗನ್ನಿಸೋದಿಲ್ಲ. ನಮ್ಮ ನಗರದಲ್ಲಿ ನಳಕ್ಕೆ ನೀರು ಬರೋದು ನಾಲ್ಕೈದು ದಿನಕ್ಕೊಮ್ಮೆ. ನೀರಿನ ಪಾಳಿ ನೋಡಿ ಮದುವೆ ಮಾತುಕತೆಯ ದಿನ ಗೊತ್ತು ಮಾಡೋ ಮನೆಗಳಿವೆ, ಇದು ತಮಾಷೆ ಅಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ನಾವು ದುಡ್ಡು ಕೊಟ್ಟು ಕೊಂಡದ್ದು ನಿಜವಾಗಿ ಆ ಕೊನೇ ಸಾಲನ್ನು. ಉಳಿದದ್ದೆಲ್ಲ ಅದರ ಮೇಲಿನ ಕಲಾಬತ್ತು. ಒಂದು ಕೆರೆಯಿಂದಲೇ ಹೆಸರಾದ ಊರಿನಲ್ಲಿ ನೀರು ಜಾಹೀರಾತಿನ ವಸ್ತು ಆದದ್ದು ಹೇಗೆ? ಇವತ್ತು ಮಾತಾಡಬೇಕೆಂದಿರೋದು ಇಷ್ಟೇ. ‘ಸೌಲಭ್ಯ’ ಅಂತ ನಾವು ಇವತ್ತು ಅನ್ನೋದು ಈ ಊರಿನಲ್ಲಿ ಹೊಸದೇನಲ್ಲ. ಪ್ರತಿ ಕಾಲದಲ್ಲೂ ಇತ್ತು. ಬದಲಾಗ್ತಾ ಬಂದಿರೋದು ಅದರ ಸುತ್ತಲಿನ ಬೇಲಿ, ಮತ್ತೆ ಆ ಬೇಲಿಯ ಬಾಗಿಲು ಯಾರ ಕೈಯಲ್ಲಿತ್ತು ಅನ್ನೋದು.

ನಾನು ಯಾವ ಕಡೆಯಿಂದ ನೋಡ್ತಿದ್ದೀನಿ ಅಂತ ಮೊದಲು ಹೇಳಬೇಕು. ನಮ್ಮೂರು ಅಕ್ಕಲಕೋಟ ತಾಲೂಕಿನ ತಡವಳ. ಕಾಗದದ ಮೇಲೆ ಮಹಾರಾಷ್ಟ್ರ. ಮನೆ, ಹೊಲ, ಜಗಳ ಎಲ್ಲ ಕನ್ನಡ. ಭೀಮೆ ದಾಟಿದರೆ ಇಂಡಿ ತಾಲೂಕು. 1884ರಲ್ಲಿ ಹೋಟಗಿ–ಗದಗ ರೈಲು ಹಾದಿ ಬಂದ ಮೇಲೆ ನಮ್ಮ ಭಾಗದ ಜನಕ್ಕೆ ಸೊಲ್ಲಾಪುರ ಹತ್ತಿರವಾಯಿತು. ಮೀಟರ್‌ಗೇಜ್ ಗಾಡಿ ಹತ್ತಿ ಹೋಟಗಿಯಲ್ಲಿ ಇಳಿದು ದೊಡ್ಡ ಗಾಡಿ ಹಿಡಿದರೆ ಮಿಲ್ಲಿನ ಚಿಮಣಿ ಕಾಣ್ತಿತ್ತಂತೆ. ನಮ್ಮ ಮುತ್ಯಾ ಹಾಗೇ ಬಂದವನು, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. ಅವನು ಚಾಳದಲ್ಲಿದ್ದ, ನಮ್ಮಪ್ಪ ವಾಡೆಯ ಎರಡು ಖೋಲಿಯಲ್ಲಿ ಬಾಡಿಗೆಗಿದ್ದ, ನಾನು ಆರನೇ ಮಾಳಿಗೆಯಲ್ಲಿದ್ದೀನಿ. ಮೂರು ತಲೆಮಾರಿನ ಮನೆಗಳ ನಡುವಿನ ದೂರ ಎರಡು ಕಿಲೋಮೀಟರ್ ಕೂಡ ಇಲ್ಲ.

ಕೆರೆಯಿಂದ ಶುರು ಮಾಡೋಣ. 12ನೇ ಶತಮಾನದ ಸೊನ್ನಲಿಗೆ, ಸಿದ್ಧರಾಮ. ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಊರ ಸುತ್ತ 68 ಲಿಂಗ ಸ್ಥಾಪಿಸಿದ ಅಂತ ನಾವೆಲ್ಲ ಕೇಳಿಕೊಂಡು ಬಂದದ್ದು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಆ ಕೆಲಸವನ್ನು ಕಾವ್ಯವಾಗಿಸಿತು. ಆದರೆ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಉಪಯೋಗದ ಮಾತು ಇರೋದು ಶೂನ್ಯಸಂಪಾದನೆಯ ಪರಂಪರೆಯಲ್ಲಿ ಅಂತ ನನ್ನ ಅನಿಸಿಕೆ. ಅಲ್ಲಮ ಸೊನ್ನಲಿಗೆಗೆ ಬರ್ತಾನೆ. ಸಿದ್ಧರಾಮನನ್ನು ಒಡ್ಡ ಅಂತ ಕರೆದು ಕೆಣಕ್ತಾನೆ. ಕೆರೆ ತೋಡೋ ಆಳುಗಳಿಗೆ ಸಿಟ್ಟು ಬಂದು ಕಲ್ಲು ಎತ್ತುತ್ತಾರೆ. ಈ ಪ್ರಸಂಗವನ್ನು ನಾವು ಯಾವಾಗಲೂ ಅಧ್ಯಾತ್ಮದ ಕಡೆಯಿಂದ ಓದ್ತೀವಿ: ಕರ್ಮ ದೊಡ್ಡದೋ ಜ್ಞಾನ ದೊಡ್ಡದೋ ಅಂತ. ನನಗೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಕೇಳಿಸ್ತದೆ. ಕೆರೆ ಕಟ್ಟಿದವನಿಗೆ ‘ನಾನು ಕಟ್ಟಿದೆ’ ಅನ್ನೋದು ಉಳಿದರೆ ಆ ನೀರು ಯಾರದು? ದಾನ ಕೊಟ್ಟವನ ನೆರಳು ನೀರಿನ ಮೇಲೆ ಎಷ್ಟು ದಿನ ಇರ್ತದೆ? ಇವತ್ತಿನ ಬಿಲ್ಡರ್‌ನನ್ನು ಸಿದ್ಧರಾಮನ ಪಕ್ಕ ನಿಲ್ಲಿಸ್ತಿಲ್ಲ ನಾನು, ಹಾಗೆ ತಿಳೀಬೇಡಿ. ಹಂಚಿಕೆಯ ನೀರಿನ ಬಗ್ಗೆ ಅನುಮಾನ ಪಡೋ ಪದ್ಧತಿ ನಮ್ಮಲ್ಲೇ, ಕನ್ನಡದಲ್ಲೇ, ಬಹಳ ಹಿಂದಿನಿಂದ ಇದೆ ಅಂತ ಹೇಳ್ತಿದ್ದೀನಿ ಅಷ್ಟೇ.

ಈಗ ಪೇಠೆಗಳು. ಕಸಬೆ, ಬಾಳಿವೇಸ, ಮಂಗಳವಾರ ಪೇಠೆ, ಶುಕ್ರವಾರ ಪೇಠೆ ಈ ಭಾಗದ ಹಳೇ ವಾಡೆಗಳನ್ನು ನೋಡಿದವರಿಗೆ ಗೊತ್ತು: ದೊಡ್ಡ ದಿಂಡಿ ಬಾಗಿಲು, ಒಳಗೆ ಅಂಗಳ, ಅಂಗಳದಲ್ಲೋ ಹಿತ್ತಲಲ್ಲೋ ಒಂದು ಬಾವಿ. ನನ್ನ ಅಪಾರ್ಟ್‌ಮೆಂಟ್ ನಿಂತಿರೋ ಜಾಗದಲ್ಲೂ ಇಂಥದೊಂದು ವಾಡೆ ಇತ್ತು. ಬುನಾದಿ ತೆಗೆಯೋವಾಗ ಕಲ್ಲು ಕಟ್ಟಿದ ಬಾವಿ ಸಿಕ್ಕಿತು. ಅದನ್ನು ಮುಚ್ಚಿದರು, ಮೇಲೆ ಸ್ಲ್ಯಾಬ್ ಹಾಕಿದರು. ಈಗ ಅಲ್ಲಿ ಒಂದು ಬಿಳಿ ಕಾರು ನಿಲ್ಲುತ್ತೆ. ‘ಬಾವಿ ಇಟ್ಟುಕೊಂಡು ಏನು ಮಾಡ್ತೀರಿ, ಬೋರ್ ಕೊರಸ್ತೀವಿ’ ಅಂದರಂತೆ. ಬೋರ್ ಕೊರೆದರು. ಅದರ ಆಯುಷ್ಯ ಎರಡು ಬೇಸಿಗೆ.

ಇಲ್ಲಿ ಒಂದು ಎಚ್ಚರಿಕೆ. ವಾಡೆ ಅಂದ ಕೂಡಲೇ ನಮ್ಮ ಲೇಖನಗಳಲ್ಲಿ ಒಂದು ಸುವಾಸನೆ ಹರಡ್ತದೆ: ಕೂಡಿ ಬಾಳಿದರು, ಒಂದೇ ಬಾವಿ ನೀರು ಕುಡಿದರು ಇತ್ಯಾದಿ. ನಮ್ಮವ್ವನ ಮುಂದೆ ಹಾಗೆ ಹೇಳಿದರೆ ನಗ್ತಾಳೆ. ಬಾಡಿಗೆಯವರು ಕೊಡ ತುಂಬೋದು ಮಾಲಕರ ಮನೆಯವರ ಸ್ನಾನ, ಪೂಜೆ ಎಲ್ಲ ಮುಗಿದ ಮೇಲೆ. ಕೆಲವು ಜಾತಿಯವರಿಗೆ ಆ ಬಾವಿಯ ಹಗ್ಗ ಮುಟ್ಟಲಿಕ್ಕೇ ಇಲ್ಲ. ದಿಂಡಿ ಬಾಗಿಲಿನ ಹೊರಗೆ ನಿಂತು ಯಾರಾದರೂ ಹೊಯ್ದರೆ ಒಯ್ಯಬೇಕು. ‘ಆಗೂ ಗೇಟ್ ಇತ್ತೋ ತಮ್ಮಾ, ಕಾಯವರಿಗೆ ಪಗಾರ ಇರಲಿಲ್ಲ ಅಷ್ಟ’ ಅಂತ ಅವ್ವ ಅಂದದ್ದನ್ನು ನಾನು ಬರೆದಿಟ್ಟುಕೊಂಡಿದ್ದೀನಿ. ವಾಡೆಯ ಬಾವಿಯನ್ನು ಸಾರ್ವಜನಿಕ ನೀರು ಅಂತ ಕರೆಯೋಕೆ ಆಗಲ್ಲ. ಅದು ಸಾಮಾಯಿಕ, ಅಂದರೆ ಹಿಸ್ಸೇದಾರರ ನಡುವೆ ಮಾತ್ರ ಸಮಾನ. ಈ ಶಬ್ದ ನಮ್ಮ ಕಡೆ ಸಾತಬಾರಾ ಉತಾರೆಯಲ್ಲಿ, ವಾಟಣಿ ಪತ್ರದಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಸಾರ್ವಜನಿಕ ಅನ್ನಬಹುದಾದ ನೀರು ಬಂದದ್ದು ವಸಾಹತು ಕಾಲದಲ್ಲಿ. ಹಿಪ್ಪರಗಾದ ಏಕರೂಖ ಕೆರೆಯ ಕೆಲಸ 1866ರಲ್ಲಿ ಶುರುವಾಗಿ 1871ರಲ್ಲಿ ಮುಗಿಯಿತು. ಮೂಲ ಉದ್ದೇಶ ನೀರಾವರಿ. ಮುಂದೆ ಊರಿಗೂ ಅಲ್ಲಿಂದ ನೀರು ತಂದರು. ಅಷ್ಟರಲ್ಲಿ ಮಿಲ್ಲು ಬಂತು. ಸೊಲ್ಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಕಂಪನಿ 1874ರಲ್ಲಿ ಆಗಿ, 1877ರಲ್ಲಿ ಗಿರಣಿ ಓಡಲಿಕ್ಕೆ ಹತ್ತಿತು. ಆ ವರ್ಷ ಗಮನಿಸಿ: 1876–78ರ ದೊಡ್ಡ ಬರದ ನಟ್ಟನಡುವೆ. ಹೊಲದಲ್ಲಿ ನೀರಿಲ್ಲದ ಜನ ಮಿಲ್ಲಿನ ಬಾಗಿಲಿಗೆ ಬಂದರು. ತೆಲಂಗಾಣ ಕಡೆಯ ಪದ್ಮಶಾಲಿ ನೇಕಾರರು, ನಮ್ಮ ಕಡೆಯ ಕನ್ನಡ ರೈತರು, ಮರಾಠರು, ಮೋಮಿನರು. ಆಮೇಲೆ ನರಸಿಂಗಗಿರಜಿ, ಲಕ್ಷ್ಮಿ, ವಿಷ್ಣು, ಜಾಮ್ ಹೀಗೆ ಒಂದೊಂದೇ ಮಿಲ್ಲು. ಮೊದಲನೆಯದಕ್ಕೆ ಜೂನಿ ಮಿಲ್ ಅನ್ನೋ ಹೆಸರೇ ಕಾಯಂ ಆಯಿತು.

ಚಾಳದ ನಳದ ಬಗ್ಗೆ ಮುತ್ಯಾ ಹೇಳ್ತಿದ್ದದ್ದು ಒಂದೇ ಮಾತು: ‘ಭೋಂಗಾ ಆದ ಮ್ಯಾಲೆ ನಳ.’ ಪಾಳಿ ಬಿಟ್ಟ ಸೀಟಿ ಆದಮೇಲೆ ಸಾಲು. ನೀರಿನ ವೇಳೆ ಮಿಲ್ಲಿನ ವೇಳೆಗೆ ಕಟ್ಟಿ ಹಾಕಿತ್ತು. ಖೋಲಿ ಸಿಗೋದು ನೌಕರಿ ಇದ್ದರೆ, ನಳ ಸಿಗೋದು ಖೋಲಿ ಇದ್ದರೆ. ಮಾಲಕರು ಕೊಟ್ಟ ಸೌಲಭ್ಯ ಅಂತ ಇದನ್ನು ಹೊಗಳಿ ಬರೆದವರಿದ್ದಾರೆ. ಸುಳ್ಳೇನಲ್ಲ, ಹಳ್ಳಿಗಿಂತ ನಳ ಮೇಲು ಅಂತ ಮುತ್ಯಾನೇ ಹೇಳ್ತಿದ್ದ. ಆದರೆ ಕೆಲಸ ಹೋದರೆ ನೀರೂ ಹೋಗ್ತದೆ ಅನ್ನೋ ಹೆದರಿಕೆ ಮುಷ್ಕರದ ಹೊತ್ತಿನಲ್ಲಿ ಏನು ಮಾಡಿರಬಹುದು ಅಂತ ಯೋಚನೆ ಮಾಡಿ.

1949ರ ಆಗಸ್ಟ್‌ನಲ್ಲಿ ಜೂನಿ ಮಿಲ್ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಆಡಳಿತ ತನ್ನ ಕೈಗೆ ತೆಗೆದುಕೊಂಡಿತು. ಆಮೇಲೆ ಅದೇ ಕಾಯ್ದೆಯಾಯಿತು. ಕಾನೂನು ಓದಿದವರಿಗೆ ಇದು ಚಿರಂಜಿತ್‌ಲಾಲ್ ಚೌಧರಿ ಪ್ರಕರಣ ಅಂತ ಗೊತ್ತು. 1950ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಷೇರುದಾರನ ಅರ್ಜಿಯನ್ನು ತಳ್ಳಿತು. 1953ರ ಡಿಸೆಂಬರ್‌ನಲ್ಲಿ ದ್ವಾರಕಾದಾಸ್ ಶ್ರೀನಿವಾಸ್ ಪ್ರಕರಣದಲ್ಲಿ ಇನ್ನೊಬ್ಬ ಷೇರುದಾರನ ಪರವಾಗಿ ತೀರ್ಪು ಕೊಟ್ಟಿತು. ಸಮಾನತೆ, ಆಸ್ತಿ ಹಕ್ಕು ಎಲ್ಲದರ ಬಗ್ಗೆ ಆ ತೀರ್ಪುಗಳಲ್ಲಿ ಪುಟಗಟ್ಟಲೆ ಚರ್ಚೆ ಇದೆ. ನಾನು ಎರಡನ್ನೂ ಓದಿದ್ದು ಬೇರೆ ಆಸೆಯಿಂದ, ಚಾಳದ ಜನ ಆ ತಿಂಗಳುಗಳಲ್ಲಿ ಏನಾದರು ಅಂತ ಹುಡುಕಿಕೊಂಡು. ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಷೇರಿನದು, ಖೋಲಿಯದಲ್ಲ. ಮುತ್ಯಾ ಆ ತಿಂಗಳುಗಳಲ್ಲಿ ತಡವಳಕ್ಕೆ ವಾಪಸ್ ಹೋಗಿ ಜೋಳದ ರಾಶಿ ಮಾಡಿದ. ನನ್ನ ಹತ್ತಿರ ಇರೋ ದಾಖಲೆ ಇಷ್ಟೇ.

ಇನ್ನೊಂದು ಜಾಗದ ಬಗ್ಗೆ ಹೇಳದೆ ಮುಂದೆ ಹೋಗಲಿಕ್ಕಾಗದು. ಸೆಟ್ಲಮೆಂಟ್. ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕೆಳಗೆ ‘ಅಪರಾಧಿ’ ಅಂತ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಇಲ್ಲಿ ತಂತಿ ಬೇಲಿಯ ಒಳಗೆ ಇಟ್ಟಿದ್ದರು. ಒಳಗೆ ಶಾಲೆ, ದವಾಖಾನೆ ಇದ್ದವು. ಹಗಲು ಮಿಲ್ಲಿಗೆ ಹೋಗಬೇಕು, ಹಾಜರಿ ಕೊಡಬೇಕು, ಅಪ್ಪಣೆ ಇಲ್ಲದೆ ಹೊರಗೆ ಹೋಗುವಂತಿಲ್ಲ. ಮಿಲ್ಲುಗಳಿಗೆ ಇದರಿಂದ ಅಗ್ಗದ, ಓಡಿಹೋಗದ ದುಡಿಮೆ ಸಿಕ್ಕಿತು. ಸೊಲ್ಲಾಪುರದ ಕಾರ್ಮಿಕರ ಇತಿಹಾಸದ ಮೇಲೆ ಮಂಜಿರಿ ಕಾಮತ್ ಅವರು ಮಾಡಿದ ಕೆಲಸ ಓದಿದವರಿಗೆ ಈ ನಂಟು ಹೊಸದಲ್ಲ. 1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. ಆ ಬಡಾವಣೆಗೆ ಸೆಟ್ಲಮೆಂಟ್ ಅನ್ನೋ ಹೆಸರು ಮಾತ್ರ ಇವತ್ತಿಗೂ ಹೋಗಿಲ್ಲ.

ಆ ಬೇಲಿ ಜನರನ್ನು ಒಳಗಿಡಲಿಕ್ಕೆ, ನಮ್ಮ ಗೇಟು ಜನರನ್ನು ಹೊರಗಿಡಲಿಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋದು ಅನ್ಯಾಯ, ಆ ಮಟ್ಟದ ಹೋಲಿಕೆ ನಾನು ಮಾಡೋದಿಲ್ಲ. ಆದರೆ ಒಂದು ಘಟನೆ ಹೇಳ್ತೀನಿ. ನಮ್ಮ ಕಟ್ಟಡಕ್ಕೆ ಮನೆಗೆಲಸಕ್ಕೆ ಬರೋ ಒಬ್ಬ ಹಿರಿಯ ಹೆಂಗಸು ಆ ಕಡೆಯಿಂದ ಬರ್ತಾರೆ. ಸೊಸೈಟಿಯವರು ಗೇಟ್‌ನಲ್ಲಿ ವಹಿ ಇಟ್ಟರು. ಕೆಲಸದವರು ಬಂದ ವೇಳೆ, ಹೋದ ವೇಳೆ ಬರೀಬೇಕು. ಆಕೆ ಹೆಬ್ಬೆಟ್ಟು ಒತ್ತಲಿಲ್ಲ. ‘ನಮ್ಮತ್ತಿ ಹಾಜರಿ ಕೊಟ್ಟಾಳ್ರಿ, ನಾ ಕೊಡಂಗಿಲ್ಲ’ ಅಂದರು. ವಾಚ್‌ಮನ್‌ಗೆ ಅರ್ಥವಾಗಲಿಲ್ಲ, ಕಮಿಟಿಯವರಿಗೂ ಆಗಲಿಲ್ಲ. ಇತಿಹಾಸ ಓದಿದ ನನಗೆ ಆಯಿತು. ಆದರೆ ನಾನು ಆವತ್ತು ಕಮಿಟಿಯ ಮುಂದೆ ಎದ್ದು ಹೇಳಲಿಲ್ಲ. ಆಕೆ ಎರಡು ಮನೆ ಬಿಟ್ಟರು. ಈಗ ಆ ವಹಿ ಹೋಗಿ ಮೊಬೈಲ್ ಆ್ಯಪ್ ಬಂದಿದೆ.

ಈಗ ಆ ಶಬ್ದಕ್ಕೆ, ಸಾಮಾಯಿಕಕ್ಕೆ, ವಾಪಸ್ ಬರ್ತೀನಿ. ಮಹಾರಾಷ್ಟ್ರದಲ್ಲಿ 1963ರ ಫ್ಲ್ಯಾಟ್ ಮಾಲಕತ್ವದ ಕಾಯ್ದೆ ಇದೆ, 1970ರ ಅಪಾರ್ಟ್‌ಮೆಂಟ್ ಮಾಲಕತ್ವದ ಕಾಯ್ದೆ ಇದೆ, 2016ರ ರೇರಾ ಇದೆ. ಮೂರರಲ್ಲೂ ಸಾಮಾನ್ಯ ಜಾಗ, ಸಾಮಾನ್ಯ ಸೌಲಭ್ಯ ಅನ್ನೋ ಮಾತು ಬರ್ತದೆ: ಮೆಟ್ಟಿಲು, ಲಿಫ್ಟ್, ನೀರಿನ ಟಾಕಿ, ಅಂಗಳ. ಕೊಂಡವರಿಗೆ ಇದರಿಂದ ದೊಡ್ಡ ರಕ್ಷಣೆ ಸಿಕ್ಕಿದೆ, ಅಲ್ಲಗಳೆಯೋ ಹಾಗಿಲ್ಲ. ಆದರೆ ‘ಸಾಮಾನ್ಯ’ ಅನ್ನೋ ಶಬ್ದ ಇಲ್ಲಿ ಮತ್ತೆ ವಾಡೆಯ ಅರ್ಥಕ್ಕೇ ಹೋಯಿತು. ಹಿಸ್ಸೇದಾರರಿಗೆ ಸಾಮಾನ್ಯ. ನಡುವೆ ನೂರು ವರ್ಷ ನಗರಸಭೆಯ ನಳ ಅನ್ನೋದೊಂದು ಪ್ರಯೋಗ ನಡೆದಿತ್ತು. ಹೆಸರು, ಜಾತಿ, ನೌಕರಿ ಕೇಳದೆ ಬೀದಿಯಲ್ಲಿ ನೀರು ಕೊಡೋ ಪ್ರಯೋಗ. ಅದು ಪೂರ್ತಿ ಆಗಲೇ ಇಲ್ಲ. ನಾಲ್ಕೈದು ದಿನಕ್ಕೊಮ್ಮೆ ಬರೋ ನೀರನ್ನು ಹಿಡಿದಿಡಲಿಕ್ಕೆ ಯಾರ ಮನೆ ಕೆಳಗೆ ದೊಡ್ಡ ಟಾಕಿ ಇದೆಯೋ ಅವರಿಗೆ 24 ತಾಸು, ಎರಡು ಬ್ಯಾರಲ್ ಇದ್ದವರಿಗೆ ಎರಡು ದಿನ. ನೀರು ಒಂದೇ ಪೈಪಿನದು.

ಆ ಪೈಪಿನ ಇನ್ನೊಂದು ತುದಿಯಲ್ಲಿ ಉಜನಿ ಧರಣ ಇದೆ. 1980ರಲ್ಲಿ ಮುಗಿದದ್ದು, ಒಟ್ಟು ಸುಮಾರು 117 ಟಿಎಂಸಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೃತ ಸಾಠಾ, ಅಂದರೆ ಕಾಲುವೆಯ ಮಟ್ಟದ ಕೆಳಗಿನ ನೀರು. ಅದಕ್ಕೇ ಬೇಸಿಗೆಯಲ್ಲಿ ನಮ್ಮ ಪತ್ರಿಕೆಗಳು ‘ಉಜನಿ ಮೈನಸ್’ ಅಂತ ಬರೀತಾವೆ. 2024ರಲ್ಲಿ ಜನವರಿ ಮುಗಿಯೋ ಮೊದಲೇ ಮೈನಸ್‌ಗೆ ಇಳಿದಿತ್ತು. ಸೊಲ್ಲಾಪುರಕ್ಕೆ ಉಜನಿಯಿಂದ ನೇರ ಪೈಪ್‌ಲೈನ್ ಉಂಟು. ಅದು ಸಾಲದೆ ಭೀಮೆಗೆ ನೀರು ಬಿಟ್ಟು, ಔಜ ಬಂಧಾರದಲ್ಲಿ ತಡೆದು, ಟಾಕಳಿಯಿಂದ ಎತ್ತುತ್ತಾರೆ. ಇನ್ನೂ ಕೆಳಗೆ ಹಿಳ್ಳಿ ಬಂಧಾರದಿಂದ ಅಕ್ಕಲಕೋಟಕ್ಕೆ. ನೀರು ಹೊಳೆಗುಂಟ ದಿನಗಟ್ಟಲೆ ಹರಿದು ಬರಬೇಕು. ನಡುವೆ ರೈತರು ಎತ್ತಬಾರದು ಅಂತ ದಂಡೆಯ ಪಂಪುಗಳ ಕರೆಂಟ್ ತೆಗೀತಾರೆ.

ಆ ಬೇಸಿಗೆಯಲ್ಲಿ ತಡವಳದಿಂದ ಕಾಕಾನ ಫೋನ್ ಬಂತು. ‘ನಿಮ್ಮ ಸಲುವಾಗಿ ನಮ್ಮ ಲೈಟ್ ತಗದಾರೋ. ಕಬ್ಬ ಸುಟ್ಟ ಹೊಂಟದ. ಅಲ್ಲಿ ಈಜಾಕ ನೀರ ಐತಂತಲ್ಲ ನಿಮಗ?’ ಈಜುಕೊಳದ ಫೋಟೋ ನಾನೇ ಮನೆ ಗುಂಪಿನಲ್ಲಿ ಹಾಕಿದ್ದೆ. ಏನು ಹೇಳಬೇಕು? ಕಬ್ಬು ಬಹಳ ನೀರು ಕುಡಿಯೋ ಬೆಳೆ, ಈ ಬರದ ನಾಡಿಗೆ ತಕ್ಕದ್ದಲ್ಲ ಅಂತ ನಾನು ತರಗತಿಯಲ್ಲಿ ಹೇಳ್ತೀನಿ. ಅದು ಸರಿಯೂ ಹೌದು. ಆದರೆ ಕಾಕಾನಿಗೆ ಅದನ್ನು ಹೇಳೋ ಬಾಯಿ ನನಗಿರಲಿಲ್ಲ. ಅದೇ ವಾರ ಸೊಸೈಟಿ ಸಭೆ. ನಳದ ನೀರಿನ ಅಂತರ ಹೆಚ್ಚಾಗಿತ್ತು, ಟ್ಯಾಂಕರ್ ತರಿಸ್ತಿದ್ದೆವು. ಈಜುಕೊಳ ಖಾಲಿ ಬಿಡಬೇಕೋ ಬೇಡವೋ ಅನ್ನೋ ಪ್ರಶ್ನೆ. ‘ಮೇಂಟೆನನ್ಸ್ ಕೊಡ್ತೀವಿ, ಸೌಲಭ್ಯ ಯಾಕೆ ಬಂದ್?’ ಅಂತ ಹಲವರು. ನನ್ನ ಮಗಳು ಆಗಷ್ಟೇ ಈಜು ಕಲೀತಿದ್ದಳು. ಕೈ ಎತ್ತಿರಿ ಅಂದಾಗ ನಾನು ಯಾವ ಕಡೆಗೂ ಎತ್ತಲಿಲ್ಲ. ಕೊಳಕ್ಕೆ ಟ್ಯಾಂಕರ್ ನೀರು ಹಾಕಿದರು. ಆ ಟ್ಯಾಂಕರ್ ಯಾವ ಹೊಲದ ಬಾವಿಯಿಂದ ಬಂತು ಅಂತ ಸಭೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪ್ರಬಂಧ ಬರೆಯೋವಾಗ ಈ ಭಾಗ ತೆಗೀಬೇಕೋ ಅಂತ ಮಾರ್ಗದರ್ಶಕರನ್ನು ಕೇಳಿದೆ. ಇರಲಿ ಅಂದರು. ಕಟ್ಟಡದ ಒಳಗೆ ಕೂತು ಆ ಕಟ್ಟಡದ ಇತಿಹಾಸ ಬರೆಯೋವನು ತಾನೂ ಹಿಸ್ಸೇದಾರ ಅನ್ನೋದನ್ನು ಮುಚ್ಚಿಡಬಾರದು ಅಂತ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಈ ಕಟ್ಟಡದಲ್ಲಿ ಕನ್ನಡದ ಸ್ಥಿತಿ ಏನು ಅಂತ. ಒಳ್ಳೇ ಪ್ರಶ್ನೆ, ಸಣ್ಣ ಉತ್ತರ ಕೊಡ್ತೀನಿ. ಸೊಸೈಟಿ ನಡಾವಳಿ ಮರಾಠಿಯಲ್ಲಿ, ವಾಟ್ಸ್ಆ್ಯಪ್ ಜಗಳ ಹಿಂದಿಯಲ್ಲಿ, ಲಿಫ್ಟ್‌ನಲ್ಲಿ ಮೌನ. ವಾಡೆಯಲ್ಲಿ ಬಾವಿ ಹತ್ತಿರ, ಚಾಳದಲ್ಲಿ ನಳದ ಸಾಲಿನಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ಒಂದರೊಳಗೊಂದು ಬೆರೀತಿದ್ದವು. ನೀರಿಗೆ ಕಾಯೋದು ಅಂದರೆ ಮಾತಾಡೋದು. ನೀರು ನಳ ತಿರುಗಿಸಿದಲ್ಲಿ ಬಂದಮೇಲೆ ಕಾಯೋದೂ ಇಲ್ಲ. ಟ್ಯಾಂಕರ್ ಬಾರದ ಒಂದು ಮಧ್ಯಾಹ್ನ ಮಾತ್ರ ಕೆಳಗೆ ಪಾರ್ಕಿಂಗ್‌ನಲ್ಲಿ ನಾಲ್ಕು ಜನ ಮುದುಕಿಯರು ಕೊಡ ಹಿಡಕೊಂಡು ಕನ್ನಡದಲ್ಲಿ ಬೈತಾ ನಿಂತಿದ್ದು ನೋಡಿದೆ. ಎರಡು ವರ್ಷ ಒಂದೇ ಕಟ್ಟಡದಲ್ಲಿದ್ದು ನಮ್ಮವ್ವನಿಗೆ ಆವತ್ತು ಗೊತ್ತಾಯಿತು, ಮೂರನೇ ಮಾಳಿಗೆಯಾಕೆ ಮೈಂದರ್ಗಿಯವಳು ಅಂತ. ಇದರಿಂದ ನೀರು ಬಾರದಿದ್ದರೇ ಕನ್ನಡಕ್ಕೆ ಒಳ್ಳೇದು ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ, ದಯವಿಟ್ಟು.

ಇನ್ನೊಬ್ಬರು ಕೇಳ್ತಿದ್ದಾರೆ: ಬಾವಿ ಬಗ್ಗೆ ಲಿಖಿತ ಆಧಾರ ಉಂಟೋ, ಬರೀ ಬಾಯಿಮಾತೋ? ಉಂಟು ಸರ್. ಆ ವಾಡೆಯ ವಾರಸುದಾರರೊಬ್ಬರು ಹಳೇ ಕಾಗದದ ಗಂಟು ತೋರಿಸಿದರು. ದೇವನಾಗರಿಯಲ್ಲಿರೋ ಒಂದು ವಾಟಣಿ ಪತ್ರದಲ್ಲಿ ‘ಬಾವಿಯಲ್ಲಿ ನಾಲ್ಕಾಣೆ ಹಿಸ್ಸೆ’ ಅಂತ ಸ್ಪಷ್ಟವಾಗಿದೆ. ದಿನ ಬಿಟ್ಟು ದಿನ ಯಾರು ಸೇದಬೇಕು ಅಂತಲೂ ಇದೆ. ಅದಕ್ಕಿಂತ ಹಳೆಯ ಮೂರು ಕಾಗದ ಮೋಡಿ ಲಿಪಿಯಲ್ಲಿವೆ. ನನಗೆ ಮೋಡಿ ಬರೋದು ತಾರೀಖು, ಹೆಸರು ಗುರುತಿಸುವಷ್ಟು ಮಾತ್ರ. ಒಂದು ಕಾಗದದಲ್ಲಿ ಹೊರಗಿನವರಿಗೆ ನೀರು ಬಿಡೋ ಬಗ್ಗೆ ಏನೋ ಕರಾರು ಇದ್ದಂಗೆ ಕಾಣ್ತದೆ. ಬಿಡಬೇಕು ಅಂತ ಇದೆಯೋ ಬಿಡಬಾರದು ಅಂತ ಇದೆಯೋ, ಕೊನೇ ಸಾಲಿನ ಎರಡು ಅಕ್ಷರದ ಮೇಲೆ ನಿಂತಿದೆ. ಇಲ್ಲಿ ಮೋಡಿ ಚೆನ್ನಾಗಿ ಓದೋರು ಯಾರಾದರೂ ಇದ್ದರೆ ದಯವಿಟ್ಟು ಸಂಯೋಜಕರಿಗೆ ಹೇಳಿ. ಸ್ಕ್ಯಾನ್ ಮಾಡಿ ಇಟ್ಟಿದ್ದೀನಿ, ಇವತ್ತೇ ಕಳಸ್ತೀನಿ.